ಕಂದನ ಹಾಲಿನ ಡಬ್ಬಿಗೆ ಆಫರ್ ಬೇಕೆ, ಬೇಡವೆ?

ಬ್ರಿಟನ್ನಿನ ಯಾವ ಸೂಪರ್‌ಮಾರ್ಕೆಟ್ಟಿಗೆ ಹೋದರೂ, ಹುಟ್ಟಿದ ದಿನದಿಂದ ತಾಯಿಹಾಲಿನ ಬದಲಿಗೆ ಕುಡಿಸುವ ಹಾಲಿನ ಪುಡಿಯ, ಅಂದರೆ ಫಾರ್ಮುಲಾದ, ಡಬ್ಬಿಯ ಮೇಲೆ ‘ಒಂದಕ್ಕೆ ಒಂದು ಉಚಿತ’ ಎಂಬ ಚೀಟಿ ಕಾಣುವುದಿಲ್ಲ. ಅದಕ್ಕೆ ಕೂಪನ್ ನಡೆಯುವುದಿಲ್ಲ, ಲಾಯಲ್ಟಿ ಕಾರ್ಡಿಗೆ ಪಾಯಿಂಟ್ ಸೇರುವುದಿಲ್ಲ. 1995ರಿಂದ ಇದ್ದು 2007ರಲ್ಲಿ ಹೊಸದಾಗಿ ಬರೆದ ನಿಯಮಗಳ ಫಲ ಇದು. ಕೂಡಿಟ್ಟ ಪಾಯಿಂಟ್, ಗಿಫ್ಟ್ ಕಾರ್ಡುಗಳನ್ನು ಡಬ್ಬಿಗೆ ಖರ್ಚು ಮಾಡಲೂ ಬಿಡಬಾರದು ಎಂದೇ ಅಂಗಡಿಗಳು ಈ ನಿಯಮವನ್ನು ಅರ್ಥ ಮಾಡಿಕೊಂಡಿದ್ದವು. ಅಷ್ಟಕ್ಕಾದರೂ ಅವಕಾಶ ಕೊಡಿ ಎಂದು ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2025ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು, ವರ್ಷದ ಕೊನೆಗೆ ಸರ್ಕಾರವೂ ಒಪ್ಪಿತು. ಉಳಿದ ನಿರ್ಬಂಧ ಇರಬೇಕೇ? ಅಲ್ಲೇ ನೆಲೆಸಿರುವ ಇಬ್ಬರು ಕನ್ನಡತಿಯರು ಇಲ್ಲಿ ಬರೆದಿದ್ದಾರೆ.

ಪರ: ಬತ್ತಿದ ಹಾಲು ಆಫರ್ ಮುಗಿದ ಮೇಲೆ ಬರುವುದಿಲ್ಲ

ಸೋಪಿಗೆ ಆಫರ್ ಬಂದರೆ ಈ ತಿಂಗಳು ಆ ಸೋಪು ತರುತ್ತೇವೆ, ಮುಂದಿನ ತಿಂಗಳು ಇನ್ನೊಂದು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಫಾರ್ಮುಲಾ ಹಾಗಲ್ಲ ಎನ್ನುವುದನ್ನು ನಾನು ಹೆರಿಗೆ ವಾರ್ಡಿನಲ್ಲಿ ನಿಂತು ಕಲಿತೆ. ಮೊದಲು ಊರಿನಲ್ಲಿ ನರ್ಸ್ ಆಗಿ, ಆಮೇಲೆ ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಆಗಿ.

ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಇಳಿಯುತ್ತದೆ. ಮೊದಲ ನಾಲ್ಕಾರು ವಾರಗಳಲ್ಲೇ ಅದರ ಲೆಕ್ಕ ಕುದುರಬೇಕು. ಹೆರಿಗೆಯಾದ ಎರಡನೆಯ ರಾತ್ರಿ ಬಾಣಂತಿ ನನ್ನ ಕೈ ಹಿಡಿದು ‘ಸಿಸ್ಟರ್, ಹಾಲೇ ಇಲ್ಲ’ ಎಂದು ಅಳುತ್ತಾಳೆ. ಆಗ ಬರುವ ಗಿಣ್ಣುಹಾಲು ಚಮಚದ ಲೆಕ್ಕದ್ದು, ಮಗುವಿಗೆ ಬೇಕಿರುವುದೂ ಅಷ್ಟೇ. ಆದರೆ ಅಳುವ ಕೂಸಿನ ಪಕ್ಕದಲ್ಲಿ ಕೂತ ಅಜ್ಜಿಗೆ ಅದನ್ನು ನಂಬಿಸುವುದು ಸುಲಭವಲ್ಲ. ಒಂದು ಬಾಟಲಿ ಕೊಡುತ್ತಾರೆ. ಮಗು ನಿದ್ದೆ ಹೋಗುತ್ತದೆ, ಎದೆ ತುಂಬಿಯೇ ಉಳಿಯುತ್ತದೆ. ತುಂಬಿಯೇ ಉಳಿದ ಎದೆ ಮರುದಿನ ಕಡಿಮೆ ಹಾಲು ಮಾಡುತ್ತದೆ. ಮಗು ಮತ್ತೆ ಅಳುತ್ತದೆ, ಮತ್ತೊಂದು ಬಾಟಲಿ. ಹೀಗೇ ಮೂರು ವಾರ ನಡೆದರೆ ‘ಹಾಲು ಸಾಲದು’ ಎಂಬ ಮಾತು ನಿಜವೇ ಆಗಿಬಿಡುತ್ತದೆ. ಹಿಂದಕ್ಕೆ ಬರುವ ದಾರಿ ಇಲ್ಲವೆಂದಲ್ಲ, ಆದರೆ ಅದು ಬಲು ಕಠಿಣ. ಕೆಲವೇ ದಿನದ ಆಫರ್ ಈ ಕೆಲವೇ ವಾರಗಳ ಮೇಲೆ ಬಂದು ಕೂತರೆ, ಆಫರ್ ಮುಗಿದ ಮೇಲೂ ವರ್ಷವಿಡೀ ಡಬ್ಬಿ ಕೊಳ್ಳಲೇಬೇಕು.

ಊರಿನ ಆಸ್ಪತ್ರೆಯಲ್ಲಿ ನನ್ನ ಮೊದಲ ವರ್ಷಗಳು ನೆನಪಾಗುತ್ತವೆ. ಗೋಡೆಯ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರದ ಕ್ಯಾಲೆಂಡರ್, ಅದರ ಕೆಳಗೆ ಹಾಲಿನ ಪುಡಿಯ ಹೆಸರು. ಮನೆಗೆ ಹೊರಟ ಬಾಣಂತಿಯ ಚೀಲದಲ್ಲಿ ಒಂದು ಉಚಿತ ಡಬ್ಬಿ. ಎರಡು ತಿಂಗಳಾದ ಮೇಲೆ ಅದೇ ಹೆಣ್ಣುಮಗಳು ಕಡ್ಡಿಯಂತಾದ ಕೂಸನ್ನು ಹೊತ್ತು ಬಂದಳು. ಉಚಿತ ಡಬ್ಬಿ ಮುಗಿದಿತ್ತು, ಎದೆಹಾಲು ಬತ್ತಿತ್ತು. ಒಂದು ವಾರಕ್ಕೆ ಬರುವ ಪುಡಿಯನ್ನು ನೀರು ಬೆರೆಸಿ ಮೂರು ವಾರ ಕುಡಿಸಿದ್ದಳು. ಒಳಲೆಯಲ್ಲಿ ಹಾಲು ಹಾಕಿದರೆ ನುಂಗುವ ತ್ರಾಣವೂ ಆ ಮಗುವಿಗೆ ಇರಲಿಲ್ಲ.

ಇಂಥ ಕಥೆಗಳು ಜಗತ್ತಿನ ತುಂಬ ಇದ್ದುದರಿಂದಲೇ 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಒಂದು ಸಂಹಿತೆ ಒಪ್ಪಿಕೊಂಡಿತು. ಪರ 118 ಮತ, ವಿರೋಧ ಒಂದೇ, ಅಮೆರಿಕದ್ದು. ಅಂದಿನ ಪ್ರಧಾನಿ ಇಂದಿರಾ ಗಾಂಧಿ ಆ ವರ್ಷದ ಸಭೆಯಲ್ಲಿ ಮಾತಾಡಿದ್ದರು. ರಿಯಾಯಿತಿ ಕೂಪನ್, ವಿಶೇಷ ಮಾರಾಟ, ನಷ್ಟಕ್ಕೆ ಮಾರಿ ಗಿರಾಕಿ ಸೆಳೆಯುವುದು, ಒಂದರ ಜೊತೆ ಇನ್ನೊಂದನ್ನು ಕಟ್ಟಿ ಮಾರುವುದು, ಇವೆಲ್ಲವನ್ನೂ ಹೆಸರಿಸಿಯೇ ಆ ಸಂಹಿತೆ ಬೇಡವೆಂದಿತು. ಬ್ರಿಟನ್ನಿನ ನಿಯಮದಲ್ಲಿರುವುದೂ ಬಹುಮಟ್ಟಿಗೆ ಅವೇ ಮಾತುಗಳು. ಭಾರತದ 1992ರ ಕಾಯ್ದೆ ಇನ್ನೂ ಬಿಗಿ. 2003ರ ತಿದ್ದುಪಡಿಯ ನಂತರ ಎರಡು ವರ್ಷದವರೆಗಿನ ಶಿಶು ಆಹಾರ, ಹಾಲುಣಿಸುವ ಬಾಟಲಿ ಎಲ್ಲವೂ ಅದರೊಳಗೆ ಬರುತ್ತವೆ. ಈ ವಿಷಯದಲ್ಲಿ ನಮ್ಮ ದೇಶದ ಬಗ್ಗೆ ನನಗೆ ಹೆಮ್ಮೆ ಇದೆ.

ಬೆಲೆ ವಿಪರೀತ, ಆಫರ್ ಇದ್ದರೆ ಬಡವರಿಗೆ ಅನುಕೂಲ ಎನ್ನುತ್ತಾರೆ. ಬೆಲೆ ವಿಪರೀತವಾಗಿರುವುದು ನಿಜ. ಆದರೆ ಅದನ್ನು ಏರಿಸಿದವರು ಯಾರು? ಡ್ಯಾನೋನ್, ನೆಸ್ಲೆ, ಕೆಂಡಾಲ್ ಈ ಮೂರೇ ಕಂಪನಿಗಳ ಕೈಯಲ್ಲಿ ಬ್ರಿಟನ್ನಿನ ಮಾರುಕಟ್ಟೆಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚಿದೆ. ಯಾವ ಬ್ರ್ಯಾಂಡಿನ ಡಬ್ಬಿಯಾದರೂ ಮಗುವಿಗೆ ಬೇಕಾದ ಪೋಷಕಾಂಶ ಕಾನೂನಿನ ಪ್ರಕಾರ ಇರಲೇಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇದನ್ನು ಮತ್ತೆ ಮತ್ತೆ ಹೇಳುತ್ತದೆ. ಆದರೂ ‘ಹೆಚ್ಚು ಬೆಲೆಯದೇ ಒಳ್ಳೆಯದಿರಬೇಕು’ ಎಂದು ತಾಯಂದಿರು ದುಬಾರಿ ಡಬ್ಬಿಗೇ ಕೈ ಹಾಕುತ್ತಾರೆ ಎಂಬುದನ್ನು ಪ್ರಾಧಿಕಾರವೇ ಕಂಡುಕೊಂಡಿದೆ. ಈ ನಂಬಿಕೆಯ ಮೇಲೆ ಪಾಯಿಂಟ್ ಸುರಿದರೆ ಏನಾಗುತ್ತದೆ? ಹೆಚ್ಚು ಖರ್ಚು ಮಾಡಿದವರಿಗೇ ಹೆಚ್ಚು ಪಾಯಿಂಟ್. ದುಬಾರಿ ಡಬ್ಬಿ ಕೊಂಡವಳಿಗೆ ತಾನು ಉಳಿತಾಯ ಮಾಡಿದೆ ಎನಿಸುತ್ತದೆ, ಅಗ್ಗದ ಡಬ್ಬಿ ಶೆಲ್ಫಿನ ಕೆಳಗಿನ ಸಾಲಿನಲ್ಲೇ ಕೂತಿರುತ್ತದೆ.

ಕೂಡಿಟ್ಟ ಪಾಯಿಂಟ್ ಖರ್ಚು ಮಾಡಲು ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಅದು ಆ ತಾಯಿಯ ದುಡ್ಡು. ಡಬ್ಬಿ ಹಾಲು ಕುಡಿಸುವ ತಾಯಂದಿರ ಮೇಲೂ ನನಗೆ ಬೇಸರವಿಲ್ಲ, ಎಷ್ಟೋ ಮಂದಿಗೆ ನಾನೇ ಬಾಟಲಿ ಕುದಿಸಿ ತೋರಿಸಿಕೊಟ್ಟಿದ್ದೇನೆ. ನಾನು ಬೇಡವೆನ್ನುವುದು ಇಷ್ಟೇ: ಕೊಂಡಿದ್ದಕ್ಕೆ ಬಹುಮಾನ ಬೇಡ, ‘ಈ ವಾರ ಮಾತ್ರ’ ಎಂಬ ಹಳದಿ ಚೀಟಿ ಬೇಡ. ಸರ್ಕಾರಕ್ಕೆ ನಿಜವಾಗಿ ಕಾಳಜಿಯಿದ್ದರೆ ‘ಎಲ್ಲ ಡಬ್ಬಿಯ ಪೋಷಣೆಯೂ ಸಾಕು’ ಎಂದು ಡಬ್ಬಿಯ ಮುಖದ ಮೇಲೇ ದೊಡ್ಡದಾಗಿ ಬರೆಸಲಿ. ಆ ಎರಡನೆಯ ರಾತ್ರಿ ಬಾಣಂತಿಯ ಪಕ್ಕದಲ್ಲಿ ಅರ್ಧ ಗಂಟೆ ಕೂರಲು ಒಬ್ಬ ಮಿಡ್‌ವೈಫ್‌ಗೆ ಬಿಡುವು ಸಿಗುವಂತೆ ಮಾಡಲಿ. ನನ್ನ ಕೊನೆಯ ವರ್ಷಗಳಲ್ಲಿ ನನಗೆ ಆ ಅರ್ಧ ಗಂಟೆ ಸಿಗುತ್ತಿರಲಿಲ್ಲ.

ವಿರೋಧ: ಗಿಫ್ಟ್ ಕಾರ್ಡಿಗೆ ಕೇಕು ಸಿಕ್ಕಿತು, ಹಾಲು ಸಿಗಲಿಲ್ಲ

ಮೇಲೆ ಬರೆದ ಅಕ್ಕ ನನಗೆ ಪರಿಚಿತರು. ಅವರಂಥವರು ನನ್ನ ವಾರ್ಡಿನಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಹೆರಿಗೆಯಲ್ಲಿ ನನಗೆ ತುಂಬ ರಕ್ತ ಹೋಗಿತ್ತು. ಹಾಲು ಸರಿಯಾಗಿ ಇಳಿಯಲೇ ಇಲ್ಲ. ಅಮ್ಮ ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಾಣಂತನಕ್ಕೆ ಬಂದಿದ್ದರು. ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಬ್ಯಾಗಿನಲ್ಲಿ ತಂದ ಶತಾವರಿ ಪುಡಿ, ಒಂದನ್ನೂ ಬಿಡಲಿಲ್ಲ. ಐದನೆಯ ವಾರಕ್ಕೆ ಮಗಳ ತೂಕ ನೋಡಿ ಹೆಲ್ತ್ ವಿಸಿಟರ್, ಅಂದರೆ ಎಳೆಮಕ್ಕಳ ಆರೋಗ್ಯ ನೋಡಿಕೊಳ್ಳುವ ನರ್ಸ್, ಅವರೇ ಫಾರ್ಮುಲಾ ಶುರು ಮಾಡಿ ಎಂದರು.

ಅದು 2023. ಸೀಮಂತಕ್ಕೆ ಸಹೋದ್ಯೋಗಿಗಳೆಲ್ಲ ಸೇರಿ 60 ಪೌಂಡಿನ ಗಿಫ್ಟ್ ಕಾರ್ಡ್ ಕೊಟ್ಟಿದ್ದರು. ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಎರಡು ಡಬ್ಬಿ, ಒಂದು ಕಟ್ಟು ನ್ಯಾಪಿ, ಅಮ್ಮನ ಹುಟ್ಟುಹಬ್ಬಕ್ಕೊಂದು ಕೇಕು ತೆಗೆದುಕೊಂಡು ದುಡ್ಡು ಕಟ್ಟುವ ಟಿಲ್‌ಗೆ ಬಂದೆ. ಕಾರ್ಡ್ ಕೊಟ್ಟಾಗ ಪರದೆಯ ಮೇಲೆ ಏನೋ ಬಂತು. ಟಿಲ್‌ನಲ್ಲಿದ್ದ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಎರಡು ಡಬ್ಬಿಯನ್ನು ಪಕ್ಕಕ್ಕೆ ಇಟ್ಟಳು. ‘ಇವಕ್ಕೆ ಆಗಲ್ಲ, ನಿಯಮ’ ಎಂದಳು. ನ್ಯಾಪಿಗೆ ಆಯಿತು, ಕೇಕಿಗೆ ಆಯಿತು. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು, ಪ್ರ್ಯಾಮಿನಲ್ಲಿ ಮಗಳು ಅಳುತ್ತಿದ್ದಳು. ಬ್ಯಾಂಕ್ ಕಾರ್ಡಿನಲ್ಲಿ ಒಂದೇ ಡಬ್ಬಿಗೆ ಆಗುವಷ್ಟು ಇತ್ತು. ಒಂದನ್ನೇ ತೆಗೆದುಕೊಂಡೆ.

ಈ ತಡೆ ಈಗ ಹೋಗುತ್ತಿರುವುದು ಒಳ್ಳೆಯದೇ. ಆದರೆ ಅಷ್ಟೇ ಸಾಲದು ಎಂಬುದು ನನ್ನ ವಾದ.

ಲೆಕ್ಕ ಹೇಳುತ್ತೇನೆ. ಆರು ಕಿಲೊ ತೂಗುವ ಮಗು ದಿನಕ್ಕೆ ಸುಮಾರು 900 ಮಿಲಿಲೀಟರ್ ಕುಡಿಯುತ್ತದೆ. 30 ಮಿಲಿಲೀಟರಿಗೆ ಒಂದು ಸ್ಕೂಪಿನಂತೆ 30 ಸ್ಕೂಪು. 800 ಗ್ರಾಮಿನ ಡಬ್ಬಿ ಆರು ದಿನಕ್ಕೆ ತಳ ಕಾಣುತ್ತದೆ, ತಿಂಗಳಿಗೆ ಐದು ಡಬ್ಬಿ. ಆಗ ಹೆಸರಾಂತ ಬ್ರ್ಯಾಂಡಿನ ಡಬ್ಬಿ ಸುಮಾರು 14 ಪೌಂಡ್, ಆಲ್ಡಿ ಎಂಬ ಸೂಪರ್‌ಮಾರ್ಕೆಟ್ಟಿನ ಸ್ವಂತ ಡಬ್ಬಿ ಸುಮಾರು 9. ತಿಂಗಳಿಗೆ 25 ಪೌಂಡ್ ವ್ಯತ್ಯಾಸ, ವರ್ಷಕ್ಕೆ 300. ಆದರೆ ಈ ಅಗ್ಗದ ಡಬ್ಬಿ ಇದೆಯೆಂದು ನನಗೆ ಗೊತ್ತಾದದ್ದು ಮಗಳಿಗೆ ನಾಲ್ಕು ತಿಂಗಳಾದ ಮೇಲೆ, ಅದೂ ಪಾರ್ಕಿನಲ್ಲಿ ಸಿಕ್ಕ ಇನ್ನೊಬ್ಬ ತಾಯಿಯಿಂದ. ಅದನ್ನು ಯಾರಾದರೂ ಹೇಗೆ ಸಾರಿ ಹೇಳಬೇಕು? ಹಾಗೆ ಸಾರುವುದಕ್ಕೇ ನಿಯಮ ಅಡ್ಡ ಬರುತ್ತದಲ್ಲ! ಅದೇ ವರ್ಷ ಐಸ್‌ಲ್ಯಾಂಡ್ ಎಂಬ ಸೂಪರ್‌ಮಾರ್ಕೆಟ್ ಸರಣಿ ಫಾರ್ಮುಲಾ ಬೆಲೆ ಇಳಿಸಿ, ಇಳಿಸಿದ್ದನ್ನು ಜನರಿಗೆ ಹೇಳಲು ಕಾನೂನು ಬಿಡುತ್ತಿಲ್ಲವೆಂದು ಬಹಿರಂಗವಾಗಿಯೇ ಪ್ರತಿಭಟಿಸಿತು. ಬೆಲೆ ಇಳಿಸಿದ ಅಂಗಡಿಗೆ ಗಿರಾಕಿ ಹೆಚ್ಚದಿದ್ದರೆ ಇನ್ನೊಂದು ಅಂಗಡಿ ಯಾಕೆ ಇಳಿಸುತ್ತದೆ? ಎರಡೇ ವರ್ಷದಲ್ಲಿ ಫಾರ್ಮುಲಾ ಬೆಲೆ ಶೇ 25ರಷ್ಟು ಏರಿತೆಂದು ಪ್ರಾಧಿಕಾರ ಆ ನವೆಂಬರಿನಲ್ಲಿ ಹೇಳಿತು. ಅಷ್ಟು ಕಾಲವೂ ಈ ನಿಯಮ ಜಾರಿಯಲ್ಲೇ ಇತ್ತು.

ಇನ್ನು ಕಂಪನಿಗಳನ್ನು ಇದು ಕಟ್ಟಿಹಾಕಿದೆಯೇ? ಆರು ತಿಂಗಳ ನಂತರದ ‘ಫಾಲೋ-ಆನ್’ ಹಾಲು ಎಂದೊಂದಿದೆ. ಎನ್‌ಎಚ್‌ಎಸ್ ಪ್ರಕಾರ ಯಾವ ಮಗುವಿಗೂ ಅದರ ಅಗತ್ಯವಿಲ್ಲ. ಅದಕ್ಕೆ ಜಾಹೀರಾತು ಕೊಡಬಹುದು, ಆಫರ್ ಹಾಕಬಹುದು, ಪಾಯಿಂಟೂ ಸೇರುತ್ತದೆ. ಡಬ್ಬಿಯ ಬಣ್ಣ, ಅಕ್ಷರ ಎಲ್ಲ ಒಂದೇ, 1ರ ಜಾಗದಲ್ಲಿ 2 ಎಂದಿರುತ್ತದೆ ಅಷ್ಟೆ. ಟಿವಿಯಲ್ಲಿ ಎರಡನೆಯದನ್ನು ನೋಡಿದವರು ಅಂಗಡಿಯಲ್ಲಿ ಮೊದಲನೆಯದನ್ನು ಕೊಳ್ಳುತ್ತಾರೆ. ದೊಡ್ಡ ಕಂಪನಿಗೆ ಹೀಗೆ ಹಿತ್ತಲ ಬಾಗಿಲು ತೆರೆದೇ ಇದೆ. ಜಾಹೀರಾತಿಗೆ ದುಡ್ಡಿಲ್ಲದ ಅಗ್ಗದ ಡಬ್ಬಿಗೆ ಇದ್ದ ಒಂದೇ ಬಾಗಿಲು ಬೆಲೆ, ಅದಕ್ಕೆ ಬೀಗ.

ಅಕ್ಕ ಹೇಳಿದ ಉಚಿತ ಡಬ್ಬಿಯ ಕಥೆ ಓದಿ ನನಗೂ ಕಣ್ಣು ತುಂಬಿತು. ಕಂಪನಿಯ ಸ್ಯಾಂಪಲ್ ಆಸ್ಪತ್ರೆಯೊಳಗೆ ಕಾಲಿಡಕೂಡದು, ಇದರಲ್ಲಿ ನಾವಿಬ್ಬರೂ ಒಂದೇ. ಆದರೆ ವಾರ್ಡಿನಲ್ಲಿ ಹಂಚುವ ಸ್ಯಾಂಪಲ್ಲೂ ಅಂಗಡಿ ಇಳಿಸುವ ಬೆಲೆಯೂ ಒಂದೇ ತಪ್ಪು ಹೇಗಾಗುತ್ತದೆ? ಆ ಹೆಣ್ಣುಮಗಳು ನೀರು ಬೆರೆಸಿದ್ದು ಮುಂದಿನ ಡಬ್ಬಿ ಕೊಳ್ಳಲು ದುಡ್ಡಿಲ್ಲದೆ. ಇಂಗ್ಲೆಂಡಿನಲ್ಲಿ ನಾನೂ ಅದರ ಹತ್ತಿರ ಹೋಗಿಬಂದಿದ್ದೇನೆ. ಸ್ಕೂಪಿನ ಪುಡಿಯನ್ನು ಡಬ್ಬಿಯೊಳಗಿನ ಪಟ್ಟಿಗೆ ಒರೆಸಿ ಸಮ ಮಾಡಬೇಕು. ತಿಂಗಳ ಕೊನೆಯ ಒಂದು ರಾತ್ರಿ ನನ್ನ ಕೈ ಸಮಕ್ಕಿಂತ ಒಂದಿಷ್ಟು ಕೆಳಕ್ಕೇ ಒರೆಸಿತು. ಅಮ್ಮ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಊರಿಗೆ ಫೋನ್ ಮಾಡಿ ಅಪ್ಪನಿಂದ ದುಡ್ಡು ತರಿಸಿದರು.

ಬಡವರಿಗೆ ಹಾಲು ಕೊಳ್ಳಲು ಸರ್ಕಾರದ ‘ಹೆಲ್ತಿ ಸ್ಟಾರ್ಟ್’ ಕಾರ್ಡ್ ಇದೆಯಲ್ಲ ಎನ್ನಬಹುದು. ನಮ್ಮಂತೆ ಕೆಲಸದ ವೀಸಾದಲ್ಲಿ ಬಂದವರಿಗೆ ‘ಸರ್ಕಾರಿ ನೆರವು ಇಲ್ಲ’ ಎಂಬ ಷರತ್ತು ವೀಸಾದಲ್ಲೇ ಇರುತ್ತದೆ. ಕೇರ್ ಹೋಮಿನಲ್ಲಿ ದುಡಿಯುವ ಎಷ್ಟೋ ಮಲಯಾಳಿ, ಕನ್ನಡ, ನೈಜೀರಿಯನ್ ಕುಟುಂಬಗಳ ಸ್ಥಿತಿ ಇದೇ. ಅವರಿಗೆ ಅಂಗಡಿಯ ಬೆಲೆಯೊಂದೇ ಗತಿ.

ಆಫರ್ ಇಲ್ಲದಿದ್ದರೆ ಎದೆಹಾಲು ಹೆಚ್ಚುತ್ತದೆ ಎಂಬುದಕ್ಕೂ ಬ್ರಿಟನ್ನಿನ ಅನುಭವ ಸಾಕ್ಷಿ ಹೇಳುವುದಿಲ್ಲ. ನಿಯಮ ಬಂದು ಹದಿನೈದು ವರ್ಷವಾದ ಮೇಲೆ, 2010ರ ಶಿಶು ಪೋಷಣೆ ಸಮೀಕ್ಷೆಯಲ್ಲಿ, ಶೇ 81ರಷ್ಟು ತಾಯಂದಿರು ಎದೆಹಾಲಿನಿಂದಲೇ ಶುರು ಮಾಡಿದ್ದರು. ಆರು ತಿಂಗಳ ಹೊತ್ತಿಗೆ ಒಂದಿಷ್ಟಾದರೂ ಎದೆಹಾಲು ಕೊಡುತ್ತಿದ್ದವರು ಶೇ 34 ಮಾತ್ರ. ಪಾಯಿಂಟಿನ ಆಸೆಗೆ ಬಿಟ್ಟವರನ್ನು ನಾನು ಕಂಡಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬಂದು ಬಿಟ್ಟವರಿದ್ದಾರೆ, ಮಗು ಸರಿಯಾಗಿ ಕಚ್ಚದೆ ಬಿಟ್ಟವರಿದ್ದಾರೆ, ಕೇಳಲು ಯಾರೂ ಇಲ್ಲದೆ ರಾತ್ರಿ ಮೂರಕ್ಕೆ ಸೋತು ಬಿಟ್ಟವರಿದ್ದಾರೆ. ಅಕ್ಕ ಕೇಳಿದ ಅರ್ಧ ಗಂಟೆ ಅವರಿಗೆ ಸಿಗಲಿ, ಖಂಡಿತ. ಸಿಕ್ಕರೂ ನನ್ನಂಥ ಕೆಲವರು ಉಳಿದೇ ಉಳಿಯುತ್ತೇವೆ.

ನನ್ನ ಊರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1950ರ ದಶಕದಲ್ಲಿ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದರು. ಅಮುಲ್ ಅದನ್ನು ತಯಾರಿಸಿ ಮಾರಿತು. ವಿದೇಶಿ ಡಬ್ಬಿಗೆ ಕಾಯಬೇಕಿಲ್ಲದೆ ನಮ್ಮ ಹಾಲಿನಲ್ಲೇ ನಮ್ಮ ಮಕ್ಕಳಿಗೆ ಆಹಾರ ಸಿಗಲಿ ಎಂಬುದು ಅದರ ಉದ್ದೇಶ. ಒಳ್ಳೆಯ ಶಿಶು ಆಹಾರ ಕೈಗೆಟಕುವ ಬೆಲೆಗೆ ಸಿಗಬೇಕೆಂದು ಬಯಸುವುದು ತಾಯಿಹಾಲಿಗೆ ಮಾಡುವ ದ್ರೋಹ ಎಂದು ಅವರು ತಿಳಿಯಲಿಲ್ಲ.

ನಾನು ಕೇಳುವುದು ಹಳದಿ ಚೀಟಿಯನ್ನೂ ಅಲ್ಲ. ಅಂಗಡಿ ಬೆಲೆ ಇಳಿಸಲಿ, ಇಳಿಸಿದ್ದನ್ನು ಹೇಳಲಿ. ಎಲ್ಲ ಬ್ರ್ಯಾಂಡಿನ ನೂರು ಗ್ರಾಮಿನ ಬೆಲೆಯನ್ನು ಶೆಲ್ಫಿನ ಮೇಲೆ ಒಂದೇ ಸಾಲಿನಲ್ಲಿ ಬರೆಯಲಿ. ಮಿಕ್ಕೆಲ್ಲ ದಿನಸಿಗೆ ಸಿಗುವ ಪಾಯಿಂಟ್ ಈ ದಿನಸಿಗೂ ಸಿಗಲಿ, ಬೇಕಾದರೆ ಎಲ್ಲ ಡಬ್ಬಿಗೂ ಒಂದೇ ಸಮ ಎಂದು ಕಾನೂನು ಮಾಡಲಿ, ದುಬಾರಿಯದಕ್ಕೆ ಹೆಚ್ಚು ಎಂಬ ಅಕ್ಕನ ಭಯಕ್ಕೂ ಅದರಲ್ಲಿ ಉತ್ತರವಿದೆ.

ಮೊನ್ನೆ ನಮ್ಮ ಕೆಳಗಿನ ಫ್ಲ್ಯಾಟಿನ ಹುಡುಗಿಯ ಸೀಮಂತ ಇತ್ತು. ನಾನು ಗಿಫ್ಟ್ ಕಾರ್ಡನ್ನೇ ಕೊಟ್ಟೆ. ಜೊತೆಗೆ ಒಂದು ಚೀಟಿಯಲ್ಲಿ ಎರಡೇ ವಿಷಯ ಬರೆದೆ: ಎದೆಹಾಲಿನ ಬಗ್ಗೆ ಯಾವ ಹೊತ್ತಿನಲ್ಲಾದರೂ ಕೇಳಬಹುದಾದ ಅಕ್ಕನ ಫೋನ್ ನಂಬರು, ಮತ್ತು ಆ ಅಗ್ಗದ ಡಬ್ಬಿಯ ಹೆಸರು.