ಯಶೋದೆಯ ಅರ್ಜಿ ತಿರಸ್ಕೃತ

ಗೋಕುಲದ ಯಶೋದೆ ಸಾಕುತಾಯಿಯಾಗಲು ಈ ಕಾಲದಲ್ಲಿ ಅರ್ಜಿ ಹಾಕಿದ್ದರೆ, ಮನೆ ಪರಿಶೀಲನೆಗೆ ಬಂದ ಅಧಿಕಾರಿ ಬರೆದುಕೊಳ್ಳುತ್ತಿದ್ದ ವರದಿ ನನಗೆ ಬಾಯಿಪಾಠವಾದಂತಿದೆ.

“ಮಗು ಮಧ್ಯರಾತ್ರಿ, ಸುರಿವ ಮಳೆಯಲ್ಲಿ, ಬುಟ್ಟಿಯಲ್ಲಿ ಬಂದಿದೆ. ಹಸ್ತಾಂತರ ಪತ್ರವಿಲ್ಲ. ಬೆಣ್ಣೆಯ ಗಡಿಗೆಗಳನ್ನು ನೆಲುವಿನಲ್ಲಿಟ್ಟಿದ್ದರೂ ಮಗುವಿನ ಕೈಗೆ ಎಟುಕುತ್ತಿವೆ. ಮಗು ಮಣ್ಣು ತಿಂದಿದೆ. ಬಾಯಿ ತೆರೆಸಿ ನೋಡಿದಾಗ ಬ್ರಹ್ಮಾಂಡವೇ ಕಂಡಿತೆಂದು ಅರ್ಜಿದಾರರು ಹೇಳುತ್ತಿರುವುದರಿಂದ ಮಾನಸಿಕ ಆರೋಗ್ಯದ ಪ್ರಮಾಣಪತ್ರ ಕೇಳಲಾಗಿದೆ. ಒರಳಿಗೆ ಕಟ್ಟಿಹಾಕಿದ್ದಕ್ಕೆ ಪ್ರತ್ಯೇಕ ಕಡತ ತೆರೆಯಲಾಗಿದೆ. ಆಟದ ಜಾಗಕ್ಕೆ ಹೊಂದಿಕೊಂಡ ಮಡುವಿಗೆ ಬೇಲಿಯಿಲ್ಲ, ಒಳಗೆ ಹಾವಿದೆ. ನೆರೆಹೊರೆಯ ಗೊಲ್ಲತಿಯರಿಂದ ದಿನನಿತ್ಯ ದೂರುಗಳಿವೆ. ಹಾಲೂಡಿಸಲು ಬಂದ ಅಪರಿಚಿತ ಹೆಂಗಸಿನ ಪೂರ್ವಾಪರ ವಿಚಾರಿಸಿಲ್ಲ.”

ಕೊನೆಯ ಮಾತಿನಲ್ಲಿ ಅಧಿಕಾರಿಯದೇ ಸರಿ. ಪೂತನಿ ಹಲ್ಲು ಮಸೆಯುತ್ತ ಬರಲಿಲ್ಲ, ಸಿಂಗರಿಸಿಕೊಂಡು ನಗುತ್ತ ಬಂದಳು. ಆದ್ದರಿಂದ ಪರಿಶೀಲನೆಯೇ ಬೇಡ ಎನ್ನುವ ದಡ್ಡತನ ನನಗಿಲ್ಲ. ಹಳೆಯ ಅಪರಾಧಗಳನ್ನು ಕೆದಕಲಿ, ಸಂಬಳ ಕೇಳಲಿ, ಗಂಡಹೆಂಡಿರು ಜಗಳವಾಡುವುದು ಯಾವುದಕ್ಕೆ ಎಂದೂ ಕೇಳಲಿ. ಆದರೆ ಇಷ್ಟೆಲ್ಲ ಸೋಸಿ, ತೂಗಿ, ತರಬೇತಿ ಕೊಟ್ಟು, “ಇವರು ಯೋಗ್ಯರು” ಎಂದು ಮೊಹರು ಒತ್ತಿದ ಮರುದಿನದಿಂದ ಅದೇ ಯೋಗ್ಯರಿಗೆ ಮಗುವಿನ ಜುಟ್ಟು ಕತ್ತರಿಸಲೂ ಅನುಮತಿ ಬೇಕು!

ಸಾಕುತಾಯ್ತನ ದತ್ತು ಅಲ್ಲ. ಹೆತ್ತವರ ಮನೆ ನೆಟ್ಟಗಾಗುವವರೆಗೆ ಮಗುವನ್ನು ಮಡಿಲಲ್ಲಿಟ್ಟುಕೊಳ್ಳುವ ಕೆಲಸ ಅದು. ಹಕ್ಕು ಹೆತ್ತವರ ಬಳಿಯೋ ಸರ್ಕಾರದ ಬಳಿಯೋ ಉಳಿಯುತ್ತದೆ. ಜ್ವರ, ಕೆಟ್ಟ ಕನಸು, ಹಾಸಿಗೆ ಒದ್ದೆಯಾಗುವುದು ಮಾತ್ರ ಸಾಕಿದವರ ಪಾಲಿಗೆ. ತತ್ವ ಸರಿಯಾಗಿಯೇ ಇದೆ. ಅದು ಕಚೇರಿಯ ಮೆಟ್ಟಿಲು ಹತ್ತಿತೆಂದರೆ ಶಾಲಾ ಪ್ರವಾಸದ ಸಹಿಯಾಗುತ್ತದೆ. ಹೆತ್ತವರು ಎಲ್ಲಿದ್ದಾರೋ ತಿಳಿಯದು, ಕಡತ ನೋಡುತ್ತಿದ್ದವರಿಗೆ ವರ್ಗವಾಗಿದೆ, ಹೊಸಬರು ಇನ್ನೂ ಕಡತದ ದಾರ ಬಿಚ್ಚಿಲ್ಲ. ಪ್ರವಾಸದ ಬಸ್ಸು ಹೋಗಿ ಮರಳಿ ಬಂದ ಮೇಲೆ ಅನುಮತಿ ಬರುತ್ತದೆ, ಷರತ್ತುಗಳೊಂದಿಗೆ.

ಇದು ಹಾಸ್ಯಕ್ಕಾಗಿ ಹೆಣೆದ ಮಾತಲ್ಲ. ಇದೇ ಗೋಳು ತಾರಕಕ್ಕೇರಿ 2014ರಲ್ಲಿ ಅಮೆರಿಕ ಒಂದು ಕಾನೂನನ್ನೇ ಮಾಡಬೇಕಾಯಿತು. ಮಗುವನ್ನು ಆಟಕ್ಕೆ, ಪ್ರವಾಸಕ್ಕೆ, ಗೆಳೆಯರ ಮನೆಗೆ ಕಳುಹಿಸುವಾಗ ಸಾಕಿದವರು ವಿವೇಕವುಳ್ಳ ತಂದೆತಾಯಿಯಂತೆ ತಾವೇ ನಿರ್ಧರಿಸಬಹುದು ಎಂದು ಅದು ಹೇಳುತ್ತದೆ. ವಿವೇಕಕ್ಕೂ ಸಂಸತ್ತಿನ ಮಂಜೂರಾತಿ ಬೇಕಾಯಿತು ನೋಡಿ.

ಇನ್ನು ವಿಜ್ಞಾನಿಗಳು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಶಿಶುಗೃಹಗಳಲ್ಲಿದ್ದ 136 ಕೂಸುಗಳ ಪೈಕಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳುಹಿಸಿ, ವರ್ಷಗಟ್ಟಲೆ ಅಳೆದರು. ಮಡಿಲು ಸಿಕ್ಕ ಕೂಸುಗಳ ಬುದ್ಧಿ ಚೆನ್ನಾಗಿ ಚಿಗುರಿದೆ, ಬೇಗ ಸಿಕ್ಕಷ್ಟೂ ಒಳ್ಳೆಯದು ಎಂದು 2007ರಲ್ಲಿ ಪ್ರಕಟಿಸಿದರು. “ಬೇಗ” ಎಂಬ ಆ ಪದ ಮಾತ್ರ ಕಚೇರಿ ತಲುಪುವಷ್ಟರಲ್ಲಿ ಎಲ್ಲೋ ಉದುರಿಹೋಯಿತು. ಅಲ್ಲಿ ಅರ್ಜಿ ನಿಧಾನವಾಗಿ ಬೆಳೆಯುತ್ತದೆ. ಮಗು ಅದಕ್ಕಿಂತ ಬೇಗ ಬೆಳೆದುಬಿಡುತ್ತದೆ, ಶಿಸ್ತಿಲ್ಲದ್ದು.

ಅಕ್ಕಪಕ್ಕದವರ ತನಿಖೆಗೆ ನಮೂನೆಯೂ ಬೇಡ. “ಸ್ವಂತದ್ದು ಆಗಲಿಲ್ಲವೇ?” “ಸರ್ಕಾರ ಎಷ್ಟು ಕೊಡುತ್ತದೆ?” “ಹೇಗಾದರೂ ಒಂದು ದಿನ ಹೋಗುವ ಮಗುವಿಗೆ ಇಷ್ಟೇಕೆ ಹಚ್ಚಿಕೊಂಡಿರಿ?” ಹೆತ್ತ ಮಕ್ಕಳು ಎಲ್ಲಿಗೂ ಹೋಗದೆ ಅಂಗಳದಲ್ಲೇ ಕೂತಿದ್ದಾರೆ ಎಂಬಂತೆ.

ಯಶೋದೆಯ ಕಥೆಯಲ್ಲಿ ಕಚೇರಿ ಚಕಾರವೆತ್ತದೆ ಒಪ್ಪುವ ಘಟ್ಟ ಒಂದೇ, ಅಕ್ರೂರನ ರಥ. ಸಂಜೆ ಬಂದ, ಬೆಳಗ್ಗೆ ಹೊರಡಿಸಿಕೊಂಡು ಹೋದ. ಯಶೋದೆಯ ಅಭಿಪ್ರಾಯದ ಅಂಕಣ ಖಾಲಿ. ಈ ವಿಷಯದಲ್ಲಿ ಇಂದಿನವರದು ಅದೇ ವೇಗ. ಬರುವಾಗ ವರ್ಷ ಹಿಡಿದದ್ದು ಹೋಗುವಾಗ ಒಂದು ದೂರವಾಣಿ ಕರೆ. ಅಮೆರಿಕ, ಬ್ರಿಟನ್‌ನಂತಹ ಸಿರಿವಂತ ದೇಶಗಳಲ್ಲಿಯೂ ಮಕ್ಕಳ ಬಟ್ಟೆಬರೆಯನ್ನು ಕಸದ ಚೀಲಕ್ಕೆ ತುಂಬಿ ಮನೆಯಿಂದ ಮನೆಗೆ ಸಾಗಿಸುವುದನ್ನು ನೋಡಲಾರದೆ ದತ್ತಿ ಸಂಸ್ಥೆಗಳು ಪೆಟ್ಟಿಗೆ ಹಂಚುತ್ತಿವೆ. ಅಕ್ರೂರನನ್ನು ಗೋಪಿಯರು ಬೈದದ್ದು ಸಾಕು ಎನಿಸುತ್ತದೆ. ಕೊಳಲನ್ನು ಕಸದ ಚೀಲಕ್ಕೆ ಹಾಕಿಕೋ ಎಂದು ಅವನು ಹೇಳಲಿಲ್ಲ.