ಹದಿಮೂರು ಕೋಟಿಯ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಾವು ನಗುತ್ತೇವೆ. ಅದರಲ್ಲಿ ಹಾಳಾಗುವುದಾದರೂ ಎಷ್ಟು? ಒಂದು ಗೇಣು ಬಟ್ಟೆ, ನಾಲ್ಕು ಮೊಳ ದಾರ. ಅಮೆರಿಕದ ಫ್ಲೋರಿಡಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಂತ ಒಂದು ಊರಿದೆ. ಅದು ಹೊಲಿಸಿದ ಕುಲಾವಿಗೆ 13 ಕೋಟಿ ಡಾಲರಿಗೂ ಮೇಲೆ ಬಿತ್ತು.

1990ರಲ್ಲಿ ತಯಾರಾದ ಆ ಕುಲಾವಿಯ ಹೆಸರು ಫ್ಲೋರಿಡಾ ಸನ್‌ಕೋಸ್ಟ್ ಡೋಮ್. ದೊಡ್ಡ ಲೀಗಿನ ಬೇಸ್‌ಬಾಲ್ ಆಡಿಸಲೆಂದೇ ಕಟ್ಟಿಸಿದ, ತಲೆ ಮುಚ್ಚಿದ ಕ್ರೀಡಾಂಗಣ. ಎಸಿ ಇತ್ತು, ಸಾವಿರಾರು ಕುರ್ಚಿ ಇತ್ತು, ಕಾರು ನಿಲ್ಲಿಸಲು ಎಕರೆಗಟ್ಟಲೆ ಜಾಗವಿತ್ತು. ತಂಡ ಒಂದಿರಲಿಲ್ಲ.

ಊರಿನವರನ್ನು ಪೂರ್ತಿ ದೂರುವ ಹಾಗಿಲ್ಲ. ನಿವೃತ್ತರ ಊರದು. ಒಂದು ಕಾಲಕ್ಕೆ ಪೇಟೆ ಬೀದಿಯುದ್ದ ಹಸಿರು ಬೆಂಚು, ಬೆಂಚಿನ ತುಂಬ ಬಿಸಿಲು ಕಾಯಿಸುವ ಅಜ್ಜ ಅಜ್ಜಿಯರು. 1914ರಿಂದ ದೊಡ್ಡ ತಂಡಗಳು ಚಳಿ ತಪ್ಪಿಸಿಕೊಂಡು ಅಭ್ಯಾಸಕ್ಕೆ ಇಲ್ಲಿಗೆ ಬರುತ್ತಿದ್ದವು. ಅಸಲಿ ಪಂದ್ಯ ಶುರುವಾಗುವ ಹೊತ್ತಿಗೆ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತಿದ್ದವು. ಎಪ್ಪತ್ತು ವರ್ಷ ನೆಂಟರಿಗೆ ಹಾಸಿಗೆ ಹಾಸಿ, ಮಡಚಿಟ್ಟು ಸಾಕಾದವರಿಗೆ ಮನೆಯದೇ ಒಂದು ಕೂಸು ಬೇಕೆನಿಸಿದ್ದು ಸಹಜವೇ.

ಆದರೆ ತಂಡವೆಂಬುದು ಸಂತೆಯಲ್ಲಿ ಸಿಗುವ ಸರಕಲ್ಲ. ಅಮೆರಿಕ, ಕೆನಡಾ ಎರಡೂ ಸೇರಿ ಇವತ್ತಿಗೂ ಮೇಜರ್ ಲೀಗಿನಲ್ಲಿರುವುದು 30 ತಂಡ. ಮೂವತ್ತೊಂದನೆಯದು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆ ಮೂವತ್ತರ ಮಾಲೀಕರೇ. ಇದು ಏಕಸ್ವಾಮ್ಯ ಅಲ್ಲವೇನ್ರೀ ಅಂತ ಕೇಳಿದವರಿಗೆ 1922ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಬೇಸ್‌ಬಾಲ್ ಆಡಿಸುವುದು ರಾಜ್ಯರಾಜ್ಯಗಳ ನಡುವಿನ ವ್ಯಾಪಾರ ಅಲ್ಲ, ಹಾಗಾಗಿ ಏಕಸ್ವಾಮ್ಯದ ಕಾನೂನು ಅದಕ್ಕೆ ತಾಗುವುದಿಲ್ಲ. ವ್ಯಾಪಾರವಲ್ಲದ ಈ ವ್ಯವಹಾರದಲ್ಲಿ ಊರುಗಳು ಹೆಚ್ಚು, ತಂಡಗಳು ಕಮ್ಮಿ. ಹಾಗೆ ಕಮ್ಮಿಯೇ ಇರುವಂತೆ ನೋಡಿಕೊಳ್ಳುವುದು ಅಸಲು ಆಟ. ಮೈದಾನದಲ್ಲಿ ದೊಣ್ಣೆ ಹಿಡಿದು ನಡೆಯುವುದು ಮನರಂಜನೆ.

ಕಟ್ಟಲು ಜಾಗ? ಅದಕ್ಕೇನು ಬರ. ಊರ ನಡುವೆ ಗ್ಯಾಸ್ ಪ್ಲಾಂಟ್ ಎಂಬ ಕಪ್ಪುಜನರ ಕೇರಿಯಿತ್ತು. ಎರಡು ದೊಡ್ಡ ಗ್ಯಾಸಿನ ತೊಟ್ಟಿಗಳಿದ್ದದ್ದರಿಂದ ಆ ಹೆಸರು. ಕೆಲಸ ಕೊಡುತ್ತೇವೆ, ಒಳ್ಳೆಯ ಮನೆ ಕೊಡುತ್ತೇವೆ ಎಂದು ಹೇಳಿ ನೂರಾರು ಕುಟುಂಬಗಳನ್ನು ಎಬ್ಬಿಸಿದರು, ಚರ್ಚುಗಳನ್ನು ಕೆಡವಿದರು. ಮನೆಗಳೇನೋ ಇದ್ದ ಜಾಗದಲ್ಲಿ ಸಾಲಾಗಿ ಬಂದವು, ಬಿಳಿ ಬಣ್ಣದ ಗೆರೆ ಎಳೆದು. ಒಂದೊಂದು ಗೆರೆಯೊಳಗೆ ಒಂದೊಂದು ಕಾರು.

ಕುಲಾವಿಗೆ ಅಳತೆ ಕೊಟ್ಟಾದ ಮೇಲೆ ಊರಿಗೆ ಹೊಳೆಯಿತು: ಮೊದಲು ಮದುವೆಯಾಗಬೇಕಲ್ಲ! ಸರಿ, ಗಂಡು ಹುಡುಕಲು ಹೊರಟಿತು.

ಕಟ್ಟಡ ಇನ್ನೂ ಏಳುತ್ತಿರುವಾಗಲೇ ಶಿಕಾಗೋದ ವೈಟ್ ಸಾಕ್ಸ್ ಹೆಣ್ಣು ನೋಡಲು ಬಂತು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ‘ಫ್ಲೋರಿಡಾ ವೈಟ್ ಸಾಕ್ಸ್’ ಎಂದು ಅಂಗಿಗಳೂ ಅಚ್ಚಾದವು. ಸುದ್ದಿ ಶಿಕಾಗೋಗೆ ಮುಟ್ಟಿತು, ಮುಟ್ಟಲಿ ಎಂದೇ ಬಂದದ್ದು. 1988ರ ಜೂನ್ 30ರ ರಾತ್ರಿ, ಶಿಕಾಗೋ ಇರುವ ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ ತಂಡಕ್ಕೆ ಹೊಸ ಕ್ರೀಡಾಂಗಣ ಕಟ್ಟಿಸಿಕೊಡುವ ಮಸೂದೆ. ಹನ್ನೆರಡು ಹೊಡೆದರೆ ಸಾಮಾನ್ಯ ಬಹುಮತ ಸಾಲದು. ರಾಜ್ಯಪಾಲ ಜೇಮ್ಸ್ ಥಾಂಪ್ಸನ್ ಒಬ್ಬೊಬ್ಬ ಶಾಸಕನ ಬೆನ್ನು ಸವರುತ್ತ ಸದನದಲ್ಲಿ ಓಡಾಡಿದರು. ಹನ್ನೆರಡು ಹತ್ತಿರ ಬಂತು, ಮತ ಸಾಲುತ್ತಿಲ್ಲ. ಏನು ಮಾಡಿದರು? ಗಡಿಯಾರ ನಿಲ್ಲಿಸಿದರು. ಹನ್ನೆರಡು ದಾಟಿ ಬಿದ್ದ ಮತ ದಾಖಲೆಯಲ್ಲಿ 11.59ಕ್ಕೇ ಬಿತ್ತು. ರಾಹುಕಾಲ ತಪ್ಪಿಸಲು ನಮ್ಮ ಪುರೋಹಿತರು ಏನೇನೋ ಮಾಡುತ್ತಾರೆ, ಇಷ್ಟು ಧೈರ್ಯ ಅವರಿಗೂ ಇಲ್ಲ. ವೈಟ್ ಸಾಕ್ಸ್ ಶಿಕಾಗೋದಲ್ಲೇ ಉಳಿಯಿತು. ಅಂಗಿ ಕೊಂಡವರಲ್ಲಿ ಅಂಗಿ ಉಳಿಯಿತು.

ಆಮೇಲೆ ಬಂದ ಗಂಡುಗಳ ಕತೆಯೂ ಅದೇ. ಸಿಯಾಟಲ್‌ನ ಮ್ಯಾರಿನರ್ಸ್ ಬರುತ್ತದಂತೆ ಎಂದರು, ಅದನ್ನು ವಿಡಿಯೋ ಗೇಮ್ ಮಾರುವ ನಿಂಟೆಂಡೋದ ಯಜಮಾನ ಕೊಂಡು ಅಲ್ಲೇ ಉಳಿಸಿದ. ಲೀಗು ಹೊಸದಾಗಿ ಎರಡು ತಂಡ ಹಡೆದಾಗ ಒಂದನ್ನು ಡೆನ್ವರ್‌ಗೆ, ಇನ್ನೊಂದನ್ನು ಇದೇ ಫ್ಲೋರಿಡಾದ ಮಯಾಮಿಗೆ ಕೊಟ್ಟಿತು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಜೊತೆ ನಿಶ್ಚಿತಾರ್ಥವೇ ಆಗಿಹೋಯಿತು, ಮಾತಾದದ್ದು ಹನ್ನೊಂದೂವರೆ ಕೋಟಿ ಡಾಲರಿಗೆ. ಉಳಿದ ಮಾಲೀಕರು ಲಗ್ನಪತ್ರಿಕೆ ಹರಿದುಹಾಕಿ, ಸ್ಯಾನ್ ಫ್ರಾನ್ಸಿಸ್ಕೋದವರಿಗೇ ಹತ್ತು ಕೋಟಿಗೆ ಕೊಡಿಸಿದರು. ಒಂದೂವರೆ ಕೋಟಿ ಹೆಚ್ಚು ಕೊಡುತ್ತೇನೆಂದರೂ ಬೇಡ ಅನ್ನುವುದನ್ನು ನೋಡಿದರೆ, ಇದು ವ್ಯಾಪಾರವಲ್ಲ ಎಂದ ಕೋರ್ಟಿನ ಮಾತು ನಿಜವಿರಬೇಕು.

ಕಾಯುವಷ್ಟು ದಿನ ಖಾಲಿ ಕುಲಾವಿಯಲ್ಲಿ ಟೆನಿಸ್ ಆಡಿಸಿದರು, ಸಂಗೀತ ಹಾಡಿಸಿದರು. ಫ್ಲೋರಿಡಾದ ಸೆಕೆಯಲ್ಲಿ ನೆಲಕ್ಕೆ ಮಂಜು ಹಾಸಿ ಐಸ್ ಹಾಕಿಯನ್ನೂ ಆಡಿಸಿದರು. ಕೊನೆಗೆ 1995ರಲ್ಲಿ ಲೀಗಿಗೆ ಕನಿಕರ ಬಂತು. ಹುಟ್ಟಿದ ಕೂಸಿಗೆ ಟ್ಯಾಂಪಾ ಬೇ ಡೆವಿಲ್ ರೇಸ್ ಎಂದು ನಾಮಕರಣ. ಊರು ಕಟ್ಟಿಸಿದ್ದು ಸೇಂಟ್ ಪೀಟರ್ಸ್‌ಬರ್ಗ್, ಹೆಸರು ಕೊಲ್ಲಿಯ ಆಚೆ ದಡದ ಟ್ಯಾಂಪಾದ್ದು! 1998ರಲ್ಲಿ ಆಟ ಶುರು. ಮೊದಲ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ತನ್ನ ಗುಂಪಿನಲ್ಲಿ ಕಟ್ಟಕಡೆ. 2008ಕ್ಕೆ ಹೆಸರಿನಿಂದ ‘ಡೆವಿಲ್’ ತೆಗೆದು ಬರೀ ‘ರೇಸ್’ ಮಾಡಿದರು. ದೆವ್ವ ಬಿಡಿಸಿದ ವರ್ಷವೇ ತಂಡ ಲೀಗಿನ ಫೈನಲ್ಲಾದ ವಿಶ್ವ ಸರಣಿ ಆಡಿತು. ಶಾಂತಿ ಹೋಮದಲ್ಲಿ ನಂಬಿಕೆಯಿಲ್ಲದ ನನಗೂ ಇದಕ್ಕೆ ಉತ್ತರ ಗೊತ್ತಿಲ್ಲ.

ಕುಲಾವಿ ಮಾತ್ರ ಮೊದಲಿಂದಲೂ ತಲೆಗೆ ಸರಿಯಾಗಿ ಕೂರಲಿಲ್ಲ. ಚಾವಣಿ ಒಂದು ಕಡೆಗೆ ವಾಲಿದೆ, ಅದು ಬೇಕೆಂದೇ ಮಾಡಿದ್ದು. ಒಳಗೆ ತೂಗುಸೇತುವೆಯಂಥ ನಾಲ್ಕು ಉಂಗುರ. ಮೇಲೆ ಹಾರಿದ ಚೆಂಡು ಯಾವ ಉಂಗುರಕ್ಕೆ ಬಡಿದರೆ ಹೋಮ್ ರನ್, ಯಾವುದಕ್ಕೆ ಬಡಿದರೆ ಆಟ ಮುಂದುವರಿಕೆ ಎಂದು ಪ್ರತ್ಯೇಕ ನಿಯಮ. ಗಲ್ಲಿ ಕ್ರಿಕೆಟ್ಟಿನಲ್ಲಿ ಪಕ್ಕದ ಮನೆ ಕಾಂಪೌಂಡಿಗೆ ಬಿದ್ದರೆ ಔಟ್, ಸಜ್ಜೆಗೆ ಬಡಿದರೆ ಎರಡು ರನ್ ಅಂತ ನಾವು ಮಾಡಿಕೊಂಡಿರಲಿಲ್ಲವೇ, ಹಾಗೆ. ನಾವು ಅದಕ್ಕೆ 13 ಕೋಟಿ ಕೇಳಿರಲಿಲ್ಲ.

ಕೂಸು ದೊಡ್ಡದಾಯಿತು, ಬೇರೆ ಮನೆ ಕೇಳಿತು. ಅರ್ಧ ವರ್ಷ ಇಲ್ಲಿರುತ್ತೇನೆ, ಅರ್ಧ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿರುತ್ತೇನೆ, ಎರಡೂ ಕಡೆ ಮನೆ ಕಟ್ಟಿಸಿ ಎಂದಿತು. 2022ರಲ್ಲಿ ಲೀಗೇ ಅದನ್ನು ಬೇಡವೆಂದಿತು. 2024ರ ಜುಲೈಯಲ್ಲಿ ಊರು, ಜಿಲ್ಲೆ ಎರಡೂ ಸೇರಿ 130 ಕೋಟಿ ಡಾಲರಿನ ಹೊಸ ಕ್ರೀಡಾಂಗಣಕ್ಕೆ ಒಪ್ಪಿದವು. ಅದರಲ್ಲಿ ಸುಮಾರು 60 ಕೋಟಿ ಸಾರ್ವಜನಿಕರ ಹಣ. ಅದೇ ವರ್ಷ ಹಳೆಯ ಕಟ್ಟಡದ ವಿಮೆಯನ್ನು ಹತ್ತು ಕೋಟಿಯಿಂದ ಎರಡೂವರೆ ಕೋಟಿ ಡಾಲರಿಗೆ ಇಳಿಸಿದ್ದರು. ಕಂತಿನಲ್ಲಿ ಉಳಿದದ್ದು ಎರಡೂ ಮುಕ್ಕಾಲು ಲಕ್ಷ. ಕೋಟಿಗಳನ್ನು ಕಣ್ಣುಮುಚ್ಚಿ ಸುರಿಯುವವರು ಲಕ್ಷಕ್ಕೆ ಬಂದಾಗ ಎಷ್ಟು ಜಿಪುಣರಾಗುತ್ತಾರೆ ನೋಡಿ.

ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ಬಂತು. ನೆರವಿನ ಸಿಬ್ಬಂದಿ ಮಲಗಲಿ ಎಂದು ಮೈದಾನದ ಹಸಿರು ಹಾಸಿನ ಮೇಲೆ ಸಾಲುಸಾಲು ಮಡಚು ಮಂಚ ಹಾಕಿದ್ದರು. ಬಿರುಗಾಳಿಗೆ ಗಟ್ಟಿ ಸೂರು ಇದೇ ಎಂಬ ಲೆಕ್ಕ. ಪುಣ್ಯಕ್ಕೆ ಗಾಳಿ ಏಳುವ ಮುಂಚೆ ಅವರನ್ನು ಬೇರೆಡೆಗೆ ಕಳಿಸಿದರು. ಚಾವಣಿಯ 24 ಹಾಳೆಗಳಲ್ಲಿ 18 ಹರಿದವು. ಬೆಳಗ್ಗೆ ನೋಡಿದರೆ ಕುಲಾವಿಯ ಬಟ್ಟೆ ಚಿಂದಿಯಾಗಿ, ತಂತಿಯ ಮೇಲೆ ಒಣಹಾಕಿದ ಪಂಚೆಯ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು.

2025ರ ಮಾರ್ಚ್‌ನಲ್ಲಿ ಮಾಲೀಕರು 130 ಕೋಟಿಯ ಒಪ್ಪಂದದಿಂದ ಕೈ ತೊಳೆದರು. ಆ ವರ್ಷ ತಂಡ ಆಡಿದ್ದು ಆಚೆ ದಡದಲ್ಲಿ, ನ್ಯೂಯಾರ್ಕ್ ಯಾಂಕೀಸ್‌ನವರ ಅಭ್ಯಾಸದ ಮೈದಾನದಲ್ಲಿ. ನೆಂಟರಿಗೆ ಹಾಸಿಗೆ ಹಾಸುತ್ತಿದ್ದವರ ಕೂಸಿಗೆ ನೆಂಟರ ಜಗುಲಿಯೇ ಗತಿಯಾಯಿತು. ಅದೇ ವರ್ಷ ತಂಡ ಕೈ ಬದಲಾಯಿಸಿತು, ಬೆಲೆ 170 ಕೋಟಿಯ ಆಸುಪಾಸು. ಸೂರು ಹಾರಿಹೋದ ಮನೆಯ ಕೂಸಿಗೆ ಇಷ್ಟು ಬೆಲೆ!

ಇದನ್ನೆಲ್ಲ ನೋಡಿ ಉಳಿದ ಊರುಗಳು ಹೆದರಿದವೇ? ಸಾಲ್ಟ್ ಲೇಕ್ ಸಿಟಿಗೆ ತಂಡ ಬಂದರೆ ಇರಲಿ ಎಂದು ಯೂಟಾ ರಾಜ್ಯ 2024ರಲ್ಲೇ 90 ಕೋಟಿ ಡಾಲರಿನ ಏರ್ಪಾಡು ಮಾಡಿಕೊಂಡಿದೆ. ಪೋರ್ಟ್‌ಲ್ಯಾಂಡ್ ವರ್ಷಗಳಿಂದ ಜಾಗದ ಮೇಲೆ ಜಾಗ ನೋಡುತ್ತಿದೆ. ಪಕ್ಕದ ಒರ್ಲ್ಯಾಂಡೋದಲ್ಲಿ ತಂಡ ತರಲು ಹೊರಟವರು ತಮಗೆ ಇಟ್ಟುಕೊಂಡ ಹೆಸರೇ ‘ಡ್ರೀಮರ್ಸ್’, ಕನಸಿಗರು.

ಸೇಂಟ್ ಪೀಟರ್ಸ್‌ಬರ್ಗ್ ಏನು ಮಾಡುತ್ತಿದೆ ಅಂತೀರಾ? ರಿಪೇರಿ ಊರಿನದೇ ಎಂದು ಬಾಡಿಗೆ ಕರಾರಿನಲ್ಲಿ ಇದೆಯಲ್ಲ, ಸುಮಾರು ಆರು ಕೋಟಿ ಡಾಲರ್ ಸುರಿದು ಕುಲಾವಿಯನ್ನು ಮತ್ತೆ ಹೊಲಿಸಿತು. ಹೊಲಿಗೆ ನಡೆಯುತ್ತಿದ್ದಾಗಲೇ ಹೊಸ ಮಾಲೀಕರು ಆಚೆ ದಡದ ಟ್ಯಾಂಪಾದಲ್ಲಿ ಮನೆಗೆ ಜಾಗ ನೋಡುತ್ತಿದ್ದರು.