ಹುಲಿ ಬೆಳಿಗ್ಗೆ ಟ್ರಿಪ್‌ನಲ್ಲಿತ್ತು ಸಾರ್

2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿ ಹೆಚ್ಚಿತೆಂದು ಸರ್ಕಾರ ಬಂಡೀಪುರ, ನಾಗರಹೊಳೆ ಸಫಾರಿ ನಿಲ್ಲಿಸಿದ್ದೇ ತಡ, ಬೆಂಗಳೂರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸೂತಕ ಶುರುವಾಯಿತು. ಸರಗೂರು ತಾಲ್ಲೂಕಿನಲ್ಲಿ ಹುಲಿ ಬಾಯಿಗೆ ಸಿಕ್ಕು ಸತ್ತ ರೈತರಿಗಾಗಿ ಅಂದುಕೊಂಡಿರಾ? ಛೇ, ನಾವು ಅಷ್ಟೆಲ್ಲ ಭಾವುಕರಲ್ಲ. ಕಟ್ಟಿದ ದುಡ್ಡು ವಾಪಸ್ ಬರುತ್ತೋ, ಇಲ್ಲ ಮುಂದಿನ ವಾರಕ್ಕೆ ಹಾಕಿಕೊಡ್ತಾರೋ ಅನ್ನುವುದೇ ಆ ವಾರದ ರಾಷ್ಟ್ರೀಯ ಸಮಸ್ಯೆ.

ಈ ಒಂದು ದಿನದ ಸಫಾರಿ ಪ್ಯಾಕೇಜ್ ಕಂಡುಹಿಡಿದ ಪುಣ್ಯಾತ್ಮನಿಗೆ ಮುಂದಿನ ಸಲ ರಾಜ್ಯೋತ್ಸವ ಪ್ರಶಸ್ತಿ ಕೊಡಲೇಬೇಕು. ಬೆಂಗಳೂರಿನಿಂದ ಬಂಡೀಪುರಕ್ಕೆ ಹೆಚ್ಚುಕಮ್ಮಿ 220 ಕಿಲೋಮೀಟರ್. ಕೋಳಿ ಕೂಗುವ ಮೊದಲೇ ಟೆಂಪೊ ಟ್ರಾವೆಲರ್ ಹತ್ತಬೇಕು, ಹೋಗ್ತಾ ಬರ್ತಾ ಅರ್ಧ ದಿನ ಹೆದ್ದಾರಿಯಲ್ಲೇ ಕಳೀಬೇಕು, ಕಾಡಿನೊಳಗೆ ಗಂಟೆಯೋ ಎರಡು ಗಂಟೆಯೋ ವ್ಯಾನಿನಲ್ಲಿ ಕೂರಬೇಕು, ರಾತ್ರಿ ಸೊಂಟ ಹಿಡಿದುಕೊಂಡು ಮನೆ ಸೇರಬೇಕು. ಇದರ ಹೆಸರು ‘ಪ್ರಕೃತಿಯ ಮಡಿಲಲ್ಲಿ ಒಂದು ದಿನ’.

ಉಡುಪು ನೋಡಬೇಕು. ಮಿಲಿಟರಿಯವರ ಥರ ಎಲೆ ಬಣ್ಣದ ಟೀ ಶರ್ಟು, ಎಲೆ ಬಣ್ಣದ ಟೋಪಿ, ಕ್ಯಾಮೆರಾ ಲೆನ್ಸಿಗೂ ಎಲೆ ಬಣ್ಣದ ಗವಸು. ಹುಲಿಗೆ ಕಾಣಬಾರದಂತೆ. ಕೂತಿರುವುದು ಮಾತ್ರ ಡೀಸೆಲ್ ಹೊಗೆ ಉಗುಳುವ ವ್ಯಾನಿನಲ್ಲಿ, ಮೈತುಂಬ ಸೆಂಟು, ಪಕ್ಕದಲ್ಲಿ ಚಿಪ್ಸ್ ಪೊಟ್ಟಣ ಚರಚರ ಹರಿಯುವ ಮಗ. ಮೂಗು, ಕಿವಿ ಎರಡೂ ಇಲ್ಲದ ಯಾವುದಾದರೂ ಹುಲಿ ಇದ್ದರೆ ಅದು ಖಂಡಿತ ಮೋಸ ಹೋಗುತ್ತೆ.

‘ಅಣ್ಣಾ, ಹುಲಿ ಸಿಗುತ್ತಾ?’

‘ಬೆಳಿಗ್ಗೆ ಟ್ರಿಪ್‌ನಲ್ಲಿ ಇಲ್ಲೇ ಕೂತಿತ್ತು ಸಾರ್.’

ಬೆಳಿಗ್ಗೆ ಹೋದವರನ್ನು ಕೇಳಿ, ನಿನ್ನೆ ಸಂಜೆ ಟ್ರಿಪ್‌ನಲ್ಲಿತ್ತು ಅಂದಿರುತ್ತಾರೆ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿ ಎಣಿಸಿದ್ದಾರೆ. ಸಫಾರಿಗೆ ಬಿಟ್ಟಿರುವುದು ಕಾಡಿನ ಒಂದು ಭಾಗ ಮಾತ್ರ. ಅಲ್ಲಿಗೆ ಪಾಳಿ ಪ್ರಕಾರ ಬಂದು ಮುಖ ತೋರಿಸಿ ಹೋಗಿ ಅಂತ ಆ ಹುಲಿಗಳಿಗೆ ಇನ್ನೂ ಯಾರೂ ಸುತ್ತೋಲೆ ಕಳಿಸಿಲ್ಲ.

ನನಗೆ ನಿಜವಾಗಿ ಅಯ್ಯೋ ಅನ್ನಿಸುವುದು ಜಿಂಕೆಯ ಪಾಡು. ಮೊದಲ ಜಿಂಕೆ ಕಂಡಾಗ ವ್ಯಾನಿಗೆ ವ್ಯಾನೇ ಎದ್ದು ನಿಲ್ಲುತ್ತೆ. ಮಕ್ಕಳು ಕಿರುಚುತ್ತವೆ, ಅಜ್ಜಿ ಕೈಮುಗಿಯುತ್ತಾರೆ. ಹತ್ತು ನಿಮಿಷ ಕಳೀಲಿ, ಮರದಡಿ ಮೂವತ್ತು ಚುಕ್ಕೆ ಜಿಂಕೆ ನಿಂತಿದ್ದರೂ ‘ಬರೀ ಜಿಂಕೆ, ನಡೀರಿ’. ಆ ಜಿಂಕೆ ಬಾಲ ಎತ್ತಿ, ಒಂದು ಕಾಲು ನೆಲಕ್ಕೆ ಬಡಿದು, ಜೀವ ಕೈಯಲ್ಲಿ ಹಿಡಿದುಕೊಂಡು ಕೂಗು ಹಾಕಿದರೆ ಆಗ ಮತ್ತೆ ಅದಕ್ಕೆ ಮರ್ಯಾದೆ, ಏಕೆಂದರೆ ಹತ್ತಿರದಲ್ಲೆಲ್ಲೋ ಹುಲಿ ಇದೆ. ಅದು ಭಯದಲ್ಲಿ ನಡುಗಿದರಷ್ಟೇ ನಮ್ಮ ದುಡ್ಡಿಗೆ ಬೆಲೆ. ಕಾಟಿಯ, ಅಂದರೆ ಕಾಡುಕೋಣದ ಕಥೆಯೂ ಅಷ್ಟೆ. ಇಡೀ ಒಂದು ಟನ್ ತೂಗಬಲ್ಲ, ಬಿಳಿ ಕಾಲುಚೀಲ ಹಾಕಿಕೊಂಡಂತಿರುವ ಆ ಭವ್ಯ ಪ್ರಾಣಿ ಹತ್ತು ಮಾರು ದೂರದಲ್ಲಿ ಮೆಲುಕು ಹಾಕುತ್ತಿದ್ದರೆ ಹಿಂದಿನ ಸೀಟಿನಿಂದ ‘ಎಮ್ಮೆ ಥರ ಇದೆ ಅಲ್ವಾ?’ ಸೀಳುನಾಯಿಗಳ ಗುಂಪು ರಸ್ತೆ ದಾಟಿತು ಅನ್ನಿ. ಅಳಿವಿನ ಅಂಚಿನ ಪಟ್ಟಿಯಲ್ಲಿ ಹುಲಿಯ ಜತೆಗೇ ಹೆಸರಿರುವ ಪ್ರಾಣಿ ಅದು. ‘ನಾಯಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ನಮ್ಮ ಬೀದೀಲೇ ಹನ್ನೆರಡು ಇವೆ.’

ಹುಲಿ ಸಿಗದಿದ್ದರೂ ಲಂಟಾನ ಮಾತ್ರ ಗ್ಯಾರಂಟಿ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ಅಮೆರಿಕ ಖಂಡದಿಂದ ಬಂದ ಈ ಗಿಡ ಬಂಡೀಪುರದ ಉದ್ದಗಲಕ್ಕೂ ಮುಳ್ಳು ಪೊದೆಯಾಗಿ ಹಬ್ಬಿದೆ. ಅದರಡಿ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದೆ ಜಿಂಕೆ ನಿಲ್ಲುವುದಿಲ್ಲ, ಮುಂದಿನದನ್ನು ಹುಲಿಯ ಹೊಟ್ಟೆಯನ್ನೇ ಕೇಳಿ. ಆದರೆ ಲಂಟಾನ ಕಿತ್ತು ಹುಲ್ಲು ಬೆಳೆಸುವುದನ್ನು ನೋಡಲು ಯಾರು ಟಿಕೆಟ್ ತಗೋತಾರೆ?

ಇನ್ನು ಟಿಕೆಟ್ಟೇ ಬೇಡ, ನಾವೇ ಸಫಾರಿ ಮಾಡ್ಕೋತೀವಿ ಅನ್ನುವ ಸ್ವಾವಲಂಬಿಗಳೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಹತ್ತಿರ ರಸ್ತೆಗಿಳಿದು ಆನೆ ಜತೆ ಫೋಟೊಗೆ ಹೋದವರೊಬ್ಬರನ್ನು ಆನೆ ಅಟ್ಟಾಡಿಸಿ ಕೆಡವಿತಲ್ಲ, ವಿಡಿಯೊ ನೀವೂ ನೋಡಿದ್ದೀರಿ, ನಾಲ್ಕು ಜನಕ್ಕೆ ಕಳಿಸಿಯೂ ಇದ್ದೀರಿ. ಅವರಿಗೆ 25,000 ರೂಪಾಯಿ ದಂಡ ಬಿತ್ತು. ಹಾರ್ನ್ ಹೊಡೆಯುತ್ತಾ, ಕಿಟಕಿಯಿಂದ ಹೊರಗೆ ಜೋತುಬಿದ್ದು ಅದನ್ನು ಚಿತ್ರೀಕರಿಸಿದವರಿಗೆ ಬಿದ್ದದ್ದು ಲೈಕು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ರೈತರು ಸಿಟ್ಟಿಗೆದ್ದು, ಹುಲಿ ಹಿಡಿಯಲು ಇಟ್ಟಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿ ಹಾಕಿದರು. ನಕ್ಕೆವು. ನಾನೂ ನಕ್ಕೆ. ಆದರೆ ಬೋನಿನೊಳಗೆ ಕೂತವರಲ್ಲಿ ಯಾರೂ ಹುಲಿ ಯೋಜನೆಯ ಕಡತಕ್ಕೆ ಸಹಿ ಹಾಕುವ ಸಾಹೇಬರಲ್ಲ. ಸಿಕ್ಕವರು ಬೀಟಿಗೆ ಬಂದವರು, ಕೈಯಲ್ಲಿ ಕೋಲು ಹಿಡಿದು ಹೆಜ್ಜೆ ಗುರುತು ಹುಡುಕುವವರು. ಹೊರಗೆ ನಿಂತು ಬೈದವರು ದನ ಕಳಕೊಂಡವರು. ಎರಡೂ ಕಡೆಯವರು ಹುಲಿಯನ್ನು ಬಿಟ್ಟಿಯಾಗಿ, ಬೇಡ ಬೇಡ ಅಂದರೂ ನೋಡುವ ಜನ. ಸಾವಿರಾರು ರೂಪಾಯಿ ಕೊಟ್ಟರೂ ನಮಗೆ ಸಿಗದ ದರ್ಶನ ಅವರ ಹಿತ್ತಿಲಿಗೇ ಬರುತ್ತೆ. ಅಂಥವರ ಊರು ಮತ್ತು ಕಾಡಿನ ನಡುವೆ ನಮಗೊಂದು ರೆಸಾರ್ಟು, ಅದಕ್ಕೊಂದು ಈಜುಕೊಳ, ರಾತ್ರಿ ಬೆಂಕಿ ಹಾಕಿಕೊಂಡು ಕುಣಿಯೋಕೆ ಸ್ಪೀಕರು, ಗೇಟಿನ ಮೇಲೆ ‘ಪರಿಸರಸ್ನೇಹಿ’ ಅನ್ನುವ ಹಲಗೆ. ಸಾಕಪ್ಪಾ ಈ ಸ್ನೇಹ.

ಸಫಾರಿಯಿಂದಲೇ ಹುಲಿ ಊರಿಗೆ ಬರುತ್ತೆ ಅಂತ ನಾನು ಹೇಳುತ್ತಿಲ್ಲ, ಆ ಜಗಳ ತಜ್ಞರದ್ದು. ನನಗೆ ತಡೆಯಲಾಗದ್ದು ಬೇರೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಆದಿವಾಸಿ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿದವು. ಇದು ನಮ್ಮ ಅಜ್ಜ ಮುತ್ತಜ್ಜಂದಿರ ಜಾಗ, ನಮ್ಮನ್ನು ಇಲ್ಲಿಂದ ಎಬ್ಬಿಸಿ ಕಳಿಸಿದ್ದರು, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದೇವೆ ಅಂದರು. ಅವರ ಮುಂದೆ ಬಂದು ನಿಂತದ್ದು ಪೊಲೀಸರು, ಅರಣ್ಯ ಸಿಬ್ಬಂದಿ. ನೀವು ಇಲ್ಲಿ ಬಾಳಿದ್ದಕ್ಕೆ ದಾಖಲೆ ಎಲ್ಲಿ ಅಂತ ಅವರನ್ನು ಕೇಳಲಾಯಿತು. ಸಫಾರಿ ಕೌಂಟರಿನಲ್ಲಿ ನಮ್ಮನ್ನು ಕೇಳುವುದು ಒಂದು ಗುರುತಿನ ಚೀಟಿ, ಅದೂ ಮೊಬೈಲಿನಲ್ಲಿ ತೋರಿಸಿದರೆ ನಡೆಯುತ್ತೆ.